ಎಲ್ಲಾ ಆರಾಮ

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದಲ್ಲಿ ಊಟದ ಪಂಕ್ತಿಗೆ ಕುಳಿತಿದ್ದೆ. ಪಕ್ಕದಲ್ಲಿ ಹಿರಿಯರೊಬ್ಬರು, ಧಾರವಾಡದ ಕಡೆಯವರು, ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದು ಪುಣೆಯಲ್ಲಿಯೇ ನೆಲೆ ನಿಂತವರು. "ನಿಮ್ಮದು ಕಂಪ್ಯೂಟರ್ ಕೆಲಸಂತ. ಅಂದ್ರ ದಿನಾ ಪೂರ್ತಿ ಏನ್ ಮಾಡ್ತೀರಿ?" ಎಂದು ಕೇಳಿದರು. ನಮ್ಮ ಕಸುಬನ್ನು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ನಾನು ಸ್ವಲ್ಪ ಯೋಚಿಸಿ, "ಅಪವಾದಗಳನ್ನು ಹಿಡಿಯುತ್ತೇನೆ" ಎಂದೆ.

ಅವರು ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲಿಯೇ ಬಿಟ್ಟು ನನ್ನ ಮುಖ ನೋಡಿದರು. "ಅಪವಾದ ಹೊರೋರನ್ನ ಕಂಡೀನಿ. ಹೊರಸೋರನ್ನ ಅದಕ್ಕಿಂತ ಹೆಚ್ಚು ಕಂಡೀನಿ. ಹಿಡಿಯೋರನ್ನ ಇವತ್ತ ನೋಡಿದೆ" ಎಂದರು. ಸುತ್ತಲಿನವರೆಲ್ಲ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಹೋಳಿಗೆ ಬಂದಿತು. ಮಾತು ಅಲ್ಲಿಗೇ ನಿಂತಿತು. ಆದರೆ ಮನೆಗೆ ಬಂದ ಮೇಲೆ, ಅವರಿಗೆ ಅರ್ಧ ಉತ್ತರವನ್ನಷ್ಟೇ ಕೊಟ್ಟು ಬಂದೆನಲ್ಲ ಎನ್ನಿಸಿತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಂಪ್ಯೂಟರಿಗೆ ನಾವು ಬರೆದುಕೊಡುವ ಪ್ರೋಗ್ರಾಂ ಸಾಮಾನ್ಯವಾಗಿ ನಿಯಮದಂತೆ ಸಾಲುಸಾಲಾಗಿ ನಡೆಯುತ್ತದೆ. ನಡುವೆ ಆಗದ ಕೆಲಸವೊಂದು ಎದುರಾದರೆ, ಅಂದರೆ ಸೊನ್ನೆಯಿಂದ ಭಾಗಿಸು ಎಂದೋ, ಪಂಚಾಂಗದಲ್ಲಿಲ್ಲದ ದಿನಾಂಕ ಕೊಡು ಎಂದೋ ಹೇಳಿದರೆ, ಅದು ಅಲ್ಲಿಯೇ ನಿಂತು ಕೂಗು ಹಾಕುತ್ತದೆ. ಈ ಕೂಗಿಗೆ ಎಕ್ಸೆಪ್ಷನ್ ಎಂದು ಹೆಸರು. ನಿಯಮಕ್ಕೆ ಹೊರತಾದದ್ದು ಎಂಬ ಅರ್ಥದಲ್ಲಿ ಅದು ಅಪವಾದ. ಇಂಥ ಕೂಗು ಬಂದರೆ ಹೀಗೆ ಮಾಡು ಎಂದು ಮೊದಲೇ ಬರೆದಿಡುವುದು ನಮ್ಮ ಕೆಲಸ. 1960ರ ದಶಕದ ಪಿಎಲ್/ಒನ್ ಎಂಬ ಭಾಷೆಯಲ್ಲಿಯೇ ಇದಕ್ಕೆ ಒಂದು ಏರ್ಪಾಡಿತ್ತು. 1975ರಲ್ಲಿ ಜಾನ್ ಗುಡ್‌ಇನಫ್ ಎಂಬ ವಿದ್ವಾಂಸರು ಇಡೀ ವಿಷಯವನ್ನು ಕ್ರಮವಾಗಿ ವಿವೇಚಿಸಿ ಪ್ರಬಂಧ ಬರೆದರು. ಭಾಷೆಯೇ ಒದಗಿಸುವ ಕೂಗುಗಳು ಕೆಲವು. ಅವು ಸಾಲದಾದಾಗ ನಾವು ನಮ್ಮವನ್ನೇ ಮಾಡಿಕೊಳ್ಳಬಹುದು. ಬರಿದೆ "ತಪ್ಪಾಯಿತು" ಎನ್ನುವುದಕ್ಕಿಂತ "ಇಂಥ ಖಾತೆಯ ದಿನಾಂಕದಲ್ಲಿ ತಪ್ಪಾಯಿತು" ಎನ್ನುವ ಕೂಗು ಹೆಚ್ಚು ಉಪಯುಕ್ತವಲ್ಲವೇ?

ಇನ್ನು ಟೆಸ್ಟ್ ಸೂಟ್. ಇದು ಕೋಟು ಷರಾಯಿಯ ಸೂಟಲ್ಲ. ಪರೀಕ್ಷೆಗಳ ಒಂದು ಕಟ್ಟು. ದೊಡ್ಡ ಪ್ರೋಗ್ರಾಂ ಸರಿಯಾಗಿದೆಯೇ ಎಂದು ನೋಡಲು ನೂರಾರು ಚಿಕ್ಕ ಪ್ರೋಗ್ರಾಂಗಳನ್ನು ಬರೆದಿಡುತ್ತೇವೆ. ಇಂಥ ಪ್ರಶ್ನೆ ಕೇಳಿದರೆ ಇಂಥ ಉತ್ತರ ಬರಬೇಕು ಎಂದು ಒಂದೊಂದೂ ತಾಳೆ ನೋಡುತ್ತದೆ. ಉತ್ತರ ಸರಿಯಿದ್ದರೆ ಪರದೆಯ ಮೇಲೆ ಒಂದು ಚುಕ್ಕೆ. ಬೇರೆ ಉತ್ತರ ಬಂದರೆ ಎಫ್ ಎಂಬ ಅಕ್ಷರ. ಎಣಿಸದ ಎಕ್ಸೆಪ್ಷನ್ ಬಂದು ಪರೀಕ್ಷೆಯೇ ಮುರಿದರೆ ಇ ಎಂಬ ಅಕ್ಷರ. ನಮ್ಮ ಕಟ್ಟಿನಲ್ಲಿ 412 ಪರೀಕ್ಷೆಗಳಿದ್ದವು. ದಿನಾ ಬೆಳಗ್ಗೆ ಆಫೀಸಿಗೆ ಹೋದೊಡನೆ ಅವನ್ನು ನಡೆಸಿದರೆ, ಅವ್ವ ಅಂಗಳದಲ್ಲಿ ರಂಗೋಲಿಗೆ ಇಟ್ಟ ಚುಕ್ಕೆಗಳ ಹಾಗೆ ಸಾಲುಸಾಲಾಗಿ ಬೀಳುತ್ತಿದ್ದವು. ನೋಡಿ, ಚಹಾ ಕುಡಿಯಲು ಹೋಗುತ್ತಿದ್ದೆ.

ನಮ್ಮದು ಚಿಕ್ಕ ಸಂಸ್ಥೆ. ಪತಸಂಸ್ಥೆಗಳಿಗೆ, ಅಂದರೆ ನಮ್ಮ ಕಡೆ ಪತ್ತಿನ ಸಹಕಾರಿ ಸಂಘ ಎನ್ನುತ್ತಾರಲ್ಲ ಅಂಥವುಗಳಿಗೆ, ಠೇವಣಿ ಲೆಕ್ಕದ ಪ್ರೋಗ್ರಾಂ ಮಾಡಿಕೊಡುತ್ತೇವೆ. ಬಳಸುವ ಭಾಷೆ ಪೈಥಾನ್. ಹೆಸರು ಕೇಳಿದರೆ ಹೆಬ್ಬಾವು ನೆನಪಾಗುತ್ತದೆ. ಆದರೆ ಅದು ಬಂದದ್ದು ಬ್ರಿಟಿಷ್ ಹಾಸ್ಯನಟರ ತಂಡವೊಂದರ ಹೆಸರಿನಿಂದ. 2025ರ ಮಾರ್ಚಿಯವರೆಗೆ ನಾನು ಆ ಭಾಷೆಯ ಹಾಸ್ಯವನ್ನಷ್ಟೇ ಕಂಡಿದ್ದೆ.

ಮಾರ್ಚ್ ಮೊದಲ ವಾರ ಒಂದು ಪತಸಂಸ್ಥೆಯ ಕಾರ್ಯದರ್ಶಿಗಳು ಫೋನ್ ಮಾಡಿದರು. ನಿವೃತ್ತ ಶಿಕ್ಷಕಿಯೊಬ್ಬರು 2024ರ ಫೆಬ್ರವರಿ 29ರಂದು ಒಂದು ವರ್ಷದ ಠೇವಣಿ ಇಟ್ಟಿದ್ದರು. ಮೊಮ್ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಸಿದ ಹಣ. 2025ರ ಫೆಬ್ರವರಿ 28ರ ಶುಕ್ರವಾರ ರಸೀದಿ ಹಿಡಿದುಕೊಂಡು ಬಂದರು. ಅಂದು ಮುಗಿಯುವ ಠೇವಣಿಗಳ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಗುಮಾಸ್ತ ಹಿಂದಕ್ಕೆ ಕಳಿಸಿದ. ಸೋಮವಾರ ಮತ್ತೆ ಬಂದರು, ಆಗಲೂ ಇಲ್ಲ. "ಕಂಪ್ಯೂಟರಿನಲ್ಲಿ ಬಂದಿಲ್ಲ ಬಾಯಿ, ನಾವೇನು ಮಾಡೋಣ?" ಎಂದನಂತೆ. ಅದಕ್ಕೆ ಆಕೆ, "ನಾನು ಮೂವತ್ತು ವರ್ಷ ಹಾಜರಿ ಕರೆದವಳು. ಮಗು ಎದುರಿಗೆ ನಿಂತಿದ್ದು ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ತಪ್ಪು ಪುಸ್ತಕದ್ದು, ಮಗುವಿನದಲ್ಲ" ಎಂದು ಹೇಳಿ ಬೆಂಚಿನ ಮೇಲೆ ಕುಳಿತುಬಿಟ್ಟರಂತೆ.

ದೋಷ ತಿಳಿಯುವುದು ಕಷ್ಟವಾಗಲಿಲ್ಲ. ಠೇವಣಿಯ ದಿನಾಂಕದಲ್ಲಿ ವರ್ಷವನ್ನು ಮಾತ್ರ ಒಂದು ಹೆಚ್ಚಿಸಿ ಮುಕ್ತಾಯದ ದಿನವನ್ನು ಪ್ರೋಗ್ರಾಂ ಲೆಕ್ಕ ಹಾಕುತ್ತಿತ್ತು. ಹಾಗೆ ಮಾಡಿದರೆ 2025ರ ಫೆಬ್ರವರಿ 29 ಎಂದಾಗುತ್ತದೆ. ಅಂಥ ದಿನವೇ ಇಲ್ಲ. ಪೈಥಾನ್ ಪ್ರಾಮಾಣಿಕವಾಗಿ ಕೂಗಿತು. ಆ ಕೂಗನ್ನು ನಮ್ಮ ಪ್ರೋಗ್ರಾಂ ಹಿಡಿದು, ಅದರ ಬದಲು ನಮ್ಮದೇ "ಠೇವಣಿ ದೋಷ" ಎಂಬ ಎಕ್ಸೆಪ್ಷನ್ನನ್ನು ಎಬ್ಬಿಸಿತು. ಪಟ್ಟಿ ಮಾಡುವ ಭಾಗವು, ಒಂದು ಖಾತೆಯ ದೋಷಕ್ಕಾಗಿ ಎಲ್ಲರ ಪಟ್ಟಿ ನಿಲ್ಲಬಾರದೆಂದು, ಆ ಖಾತೆಯನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಯಿತು. ಹೋದದ್ದು ಶಿಕ್ಷಕಿಯ ಹೆಸರು.

ಆದರೆ ಇದಕ್ಕೊಂದು ಪರೀಕ್ಷೆ ಇರಲಿಲ್ಲವೇ? ಇತ್ತು! "ಫೆಬ್ರವರಿ 29ರ ಠೇವಣಿ ಮರುವರ್ಷ ಫೆಬ್ರವರಿ 28ಕ್ಕೆ ಮುಗಿಯಬೇಕು" ಎಂದು ಸ್ಪಷ್ಟವಾಗಿ ಬರೆದ ಪರೀಕ್ಷೆ 412ರಲ್ಲಿ ಒಂದಾಗಿತ್ತು. ಅದು ದಿನವೂ ಚುಕ್ಕೆಯನ್ನೇ ಇಡುತ್ತಿತ್ತು.

ಆಗ ತಾನೇ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳಿದ್ದಳು. ಸೊಲ್ಲಾಪುರದವಳು, ಮನೆಮಾತು ಕನ್ನಡ, ಓದಿದ್ದು ಮರಾಠಿಯಲ್ಲಿ. ಈ ಪರೀಕ್ಷೆಯನ್ನು ನೋಡು ಎಂದು ಅವಳಿಗೆ ಹೇಳಿದೆ. ಅವಳು ನಿರೀಕ್ಷಿತ ಉತ್ತರದ ಜಾಗದಲ್ಲಿ 1947ರ ಆಗಸ್ಟ್ 15 ಎಂದು ಬರೆದು ನಡೆಸಿದಳು. ಚುಕ್ಕೆ ಬಿದ್ದಿತು. "ಸರ್, ಇದು ಫೇಲ್ ಆಗೂದ ಇಲ್ಲ" ಎಂದಳು.

ಕಾರಣ ಸರಳವಾಗಿತ್ತು. ಪರೀಕ್ಷೆಯ ಸುತ್ತ ಯಾರೋ ಒಂದು ಬಲೆ ಹಾಕಿದ್ದರು: ಒಳಗೆ ಯಾವ ಎಕ್ಸೆಪ್ಷನ್ ಬಂದರೂ ಹಿಡಿ, ಒಂದು ಕಡತದಲ್ಲಿ ಬರೆದಿಡು, ಮುಂದೆ ನಡೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಪರೀಕ್ಷೆ ತಾನು ಸೋತೆನೆಂದು ತಿಳಿಸುವುದೂ ಒಂದು ಎಕ್ಸೆಪ್ಷನ್ ಮೂಲಕವೇ. ಪೈಥಾನಿನಲ್ಲಿ ಅದಕ್ಕೆ ಅಸರ್ಷನ್ ಎರರ್ ಎಂದು ಹೆಸರು; ಎಕ್ಸೆಪ್ಷನ್ ಎಂಬ ದೊಡ್ಡ ಮನೆತನದ ಕುಡಿಗಳಲ್ಲಿ ಅದೂ ಒಂದು. ಇಡೀ ಮನೆತನವನ್ನೇ ಹಿಡಿ ಎಂದು ಬಲೆ ಬೀಸಿದರೆ, ಪರೀಕ್ಷೆಯ ತೀರ್ಪೂ ಅದರಲ್ಲಿಯೇ ಸಿಕ್ಕಿಬೀಳುತ್ತದೆ. ನಾಯಿಯ ಬಾಯಿ ಕಟ್ಟಿ, ಊರಿನಲ್ಲಿ ಕಳ್ಳರ ಕಾಟ ನಿಂತಿತೆಂದು ಹಿಗ್ಗಿದಂತೆ.

ಈ ಬಲೆ ಹಾಕಿದ ಮಹಾನುಭಾವ ಯಾರು? ಯಾವ ಸಾಲನ್ನು ಯಾರು ಯಾವಾಗ ಬರೆದರು ಎಂಬ ದಾಖಲೆ ನಮ್ಮ ಕಸುಬಿನಲ್ಲಿ ಇರುತ್ತದೆ. ಆ ದಾಖಲೆಯನ್ನು ತೆಗೆಯುವ ಆಜ್ಞೆಯ ಹೆಸರೇ "ಬ್ಲೇಮ್". ಅಂದರೆ ಅಪವಾದ, ಪಂಕ್ತಿಯ ಹಿರಿಯರು ಹೇಳಿದ ಅರ್ಥದಲ್ಲಿ. ಹುಡುಗಿ ಆಜ್ಞೆ ಕೊಟ್ಟಳು. ಪರದೆಯ ಮೇಲೆ ನನ್ನ ಹೆಸರು ಬಂದಿತು: 2021ರ ಜೂನ್ ತಿಂಗಳು, ರಾತ್ರಿ 1 ಗಂಟೆ 40 ನಿಮಿಷ. ಪಕ್ಕದಲ್ಲಿ ನನ್ನದೇ ಒಂದು ಟಿಪ್ಪಣಿ: "ಆಮೇಲೆ ನೋಡಬೇಕು." ಅವಳು ನನ್ನ ಕಡೆ ತಿರುಗಲಿಲ್ಲ, ಪರದೆಯನ್ನೇ ನೋಡುತ್ತ ಕುಳಿತಳು. ಅವಳ ಆ ಸೌಜನ್ಯವನ್ನು ನಾನು ಮರೆತಿಲ್ಲ.

ಆ ರಾತ್ರಿ ನನಗೆ ನೆನಪಾಯಿತು. ಮರುದಿನ ಪ್ರೋಗ್ರಾಂ ಗ್ರಾಹಕರಿಗೆ ಒಪ್ಪಿಸಬೇಕಾಗಿತ್ತು. ಒಂದು ಪರೀಕ್ಷೆ ಮುರಿದರೆ ಇಡೀ ಒಪ್ಪಿಸುವ ಕ್ರಮವೇ ನಿಲ್ಲುತ್ತಿತ್ತು. ಹೇಗೂ ಇನ್ನು ಮೂರು ವರ್ಷ ಅಧಿಕ ವರ್ಷ ಬರುವುದಿಲ್ಲ ಎಂದು ಬಲೆ ಹಾಕಿ ಮಲಗಿದೆ. ಅಷ್ಟೇ ಅಲ್ಲ, ಬಲೆ ಅನುಕೂಲವಾಗಿ ಕಂಡದ್ದರಿಂದ ಬೇರೆ ಪರೀಕ್ಷೆಗಳಿಗೂ ಹಾಕಿದೆ. ನನ್ನನ್ನು ನೋಡಿ ಇತರರೂ ಹಾಕಿದರು. ಬಲೆ ಬರೆದಿಡುತ್ತಿದ್ದ ಕಡತವನ್ನು ತೆರೆದು ನೋಡಿದೆವು. 2021ರಿಂದ ದಿನವೂ ಒಂದೇ ಸಾಲು: "ಠೇವಣಿಯಲ್ಲಿ ದೋಷ." ನಾಲ್ಕು ವರ್ಷ ಅದು ಕೂಗಿತ್ತು, ಯಾರೂ ಓದಿರಲಿಲ್ಲ.

"ಅಧಿಕ ವರ್ಷದ ತೊಂದರೆ, ಕಂಪ್ಯೂಟರುಗಳಲ್ಲಿ ಇದು ಸಹಜ" ಎಂದು ಕಾರ್ಯದರ್ಶಿಗಳಿಗೆ ಹೇಳಿ ಮುಗಿಸಬಹುದಿತ್ತು. ನಮ್ಮ ಮಾಲೀಕರೂ ಹಾಗೆಯೇ ಹೇಳೋಣವೆಂದರು. ನನಗೆ ಬೆಂಚಿನ ಮೇಲೆ ಕುಳಿತ ಆ ಶಿಕ್ಷಕಿ ಕಣ್ಣಿಗೆ ಕಟ್ಟಿದಂತಾಗಿತ್ತು. ಹೋಗಿ, ತಪ್ಪು ನನ್ನದು, ಗೊತ್ತಿದ್ದೂ ಮುಚ್ಚಿಟ್ಟದ್ದು ಎಂದು ಹೇಳಿದೆ. ಆಕೆಯ ಹಣ ಬಡ್ಡಿಯೊಡನೆ ಅಂದೇ ಕೈಸೇರಿತು. ಆಕೆ ಬಯ್ಯಲಿಲ್ಲ. "ನನ್ನ ಹಾಗೆ ಇನ್ನೆಷ್ಟು ಜನ?" ಎಂದು ಮಾತ್ರ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲ ಪತಸಂಸ್ಥೆಗಳ ಲೆಕ್ಕ ತೆಗೆದಾಗ ಅದೇ ದಿನ ಠೇವಣಿಯಿಟ್ಟವರು ಇನ್ನೂ ಹನ್ನೊಂದು ಜನ ಸಿಕ್ಕರು. ಅವರಿಗೆಲ್ಲ ಹಣ ಸಂದಿತು. ಆದರೆ ಬೇರೆ ಬಲೆಗಳ ಕೆಳಗೆ ಏನಿತ್ತೋ?

ದುರಸ್ತಿಗೆ ಮೂರು ವಾರ ಬೇಕೆಂದು ಕೇಳಿದೆ. ಇಷ್ಟು ಚಿಕ್ಕ ವಿಷಯಕ್ಕೆ ಮೂರು ವಾರವೇ ಎಂದು ಮಾಲೀಕರು ಹುಬ್ಬೇರಿಸಿದರು. ಆಗ ಅವರಿಗೆ ಏರಿಯಾನ್ ರಾಕೆಟ್ಟಿನ ಕಥೆ ಹೇಳಿದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಯೂರೋಪಿನ ಏರಿಯಾನ್ 5 ಮೊದಲ ಬಾರಿಗೆ ಹಾರಿತು. ಸುಮಾರು 40 ಸೆಕೆಂಡುಗಳಲ್ಲಿ ದಾರಿ ತಪ್ಪಿ ಚೂರುಚೂರಾಯಿತು. ವೇಗಕ್ಕೆ ಸಂಬಂಧಿಸಿದ ದೊಡ್ಡ ಸಂಖ್ಯೆಯೊಂದನ್ನು 32,767ಕ್ಕಿಂತ ಹೆಚ್ಚು ಹಿಡಿಸದ ಚಿಕ್ಕ ಜಾಗಕ್ಕೆ ತುಂಬಲು ಹೋದಾಗ ಎಕ್ಸೆಪ್ಷನ್ ಎದ್ದಿತು. ಅದನ್ನು ಹಿಡಿಯುವ ಏರ್ಪಾಡಿರಲಿಲ್ಲ. ದಾರಿ ತೋರುವ ಕಂಪ್ಯೂಟರ್ ಕೆಲಸ ನಿಲ್ಲಿಸಿತು. ಅದಕ್ಕೆ ಜೊತೆಯಾಗಿದ್ದ ಇನ್ನೊಂದು ಕಂಪ್ಯೂಟರ್ ಕೂಡ ಅದೇ ಕಾರಣದಿಂದ ಕ್ಷಣ ಮೊದಲೇ ನಿಂತಿತ್ತು. ಆ ಪ್ರೋಗ್ರಾಂ ಹಿಂದಿನ ಏರಿಯಾನ್ 4ರಿಂದ ಬಂದದ್ದು. ಅಲ್ಲಿ ಅದು ಸರಿಯಾಗಿಯೇ ಇತ್ತು. ಹೊಸ ರಾಕೆಟ್ಟಿನ ಹಾದಿಯನ್ನು ಕೊಟ್ಟು ಅದನ್ನು ಪರೀಕ್ಷಿಸಿರಲಿಲ್ಲ. ಅವರು ಹಿಡಿಯಬೇಕಾದ ಕೂಗನ್ನು ಹಿಡಿಯಲಿಲ್ಲ. ನಾನು ಹಿಡಿಯಬಾರದ್ದನ್ನು ಹಿಡಿದೆ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು ಮೂರು ವಾರ ಕೊಟ್ಟರು.

ಮೊದಲು ಬಲೆಯನ್ನೇ ತೆಗೆದುಹಾಕಿದೆವು. ಅದನ್ನು ಬಳಸುತ್ತಿದ್ದ ಪರೀಕ್ಷೆಗಳು 63. ಅವುಗಳಲ್ಲಿ 29 ಅಂದೇ ಕೆಂಪಾದವು. ನಾಲ್ಕು ವರ್ಷ ಚುಕ್ಕೆಗಳ ರಂಗೋಲಿ ಕಂಡ ಕಣ್ಣಿಗೆ ಅದೊಂದು ಯುದ್ಧಭೂಮಿಯಂತೆ ಕಂಡಿತು. ಒಂದೊಂದಾಗಿ ಬಿಡಿಸಿದಾಗ 17ರಲ್ಲಿ ಪರೀಕ್ಷೆಯೇ ತಪ್ಪು, 12ರಲ್ಲಿ ಪ್ರೋಗ್ರಾಂ ತಪ್ಪು ಎಂದು ತಿಳಿಯಿತು.

ಎರಡನೆಯ ಜಾತಿಯ ದೋಷ ಇನ್ನೂ ಚಮತ್ಕಾರದ್ದು. ತಪ್ಪು ದಿನಾಂಕ ಕೊಟ್ಟರೆ ಪ್ರೋಗ್ರಾಂ ಕೂಗಲೇಬೇಕು ಎಂದು ನೋಡುವ ಪರೀಕ್ಷೆಗಳಿದ್ದವು. ಆದರೆ ಯಾವ ಕೂಗು ಎಂದು ಹೇಳದೆ, ಯಾವುದಾದರೂ ಒಂದು ಸಾಕು ಎಂದು ಬರೆದಿದ್ದೆವು. ಒಂದರಲ್ಲಿ ಕೊಡಬೇಕಾದ ಖಾತೆ ಸಂಖ್ಯೆಯನ್ನೇ ಕೊಡಲು ಮರೆತಿದ್ದೆವು. ಪ್ರೋಗ್ರಾಂ "ಖಾತೆ ಸಂಖ್ಯೆ ಎಲ್ಲಿ?" ಎಂದು ಕೂಗುತ್ತಿತ್ತು, ಪರೀಕ್ಷೆ "ಆಹಾ, ಕೂಗಿತು, ದಿನಾಂಕದ ತಪ್ಪು ಹಿಡಿಯಿತು" ಎಂದು ಚುಕ್ಕೆ ಇಡುತ್ತಿತ್ತು. ಈಗ ಪ್ರತಿಯೊಂದರಲ್ಲಿಯೂ ಬರಬೇಕಾದ ದೋಷದ ಹೆಸರನ್ನೂ ಅದು ಹೇಳಬೇಕಾದ ಮಾತನ್ನೂ ಬರೆದೆವು.

ಮೂರನೆಯದು ಮೂಲದ ಪ್ರಶ್ನೆ. ಒಂದು ಎಕ್ಸೆಪ್ಷನ್ನನ್ನು ಹಿಡಿದು ಅದರ ಬದಲು ನಮ್ಮದನ್ನು ಎಬ್ಬಿಸಿದಾಗ, ಮೊದಲನೆಯದು ಯಾವುದೆಂದು ಪೈಥಾನ್ ತಾನೇ ನೆನಪಿಟ್ಟುಕೊಳ್ಳುತ್ತದೆ. 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಈ ಸೌಕರ್ಯವಿದೆ. ಕಡತ ಚೊಕ್ಕಟವಾಗಿರಲೆಂದು ನಾನು ಅದನ್ನು ಅಳಿಸುವಂತೆ ಬರೆದಿದ್ದೆ. ಆದುದರಿಂದಲೇ ಆ ಸಾಲುಗಳಲ್ಲಿ "ಠೇವಣಿಯಲ್ಲಿ ದೋಷ" ಎಂದಷ್ಟೇ ಇತ್ತು. ಫೆಬ್ರವರಿಯ ಸುದ್ದಿಯೇ ಇರಲಿಲ್ಲ. ಈಗ ಮೂಲವನ್ನು ಸೇರಿಸಿಯೇ ಕಳಿಸುತ್ತೇವೆ.

ಕೊನೆಯದು ನಮ್ಮನ್ನು ಹೆಚ್ಚು ಕಾಡಿದ್ದು. ಸಮಯ ಉಳಿಸಲು ಪರೀಕ್ಷೆಗಳನ್ನು ಏಕಕಾಲಕ್ಕೆ ಹಲವು ಪ್ರಕ್ರಿಯೆಗಳಲ್ಲಿ ನಡೆಸುತ್ತಿದ್ದೆವು. ಒಂದು ಪ್ರಕ್ರಿಯೆಯಲ್ಲಿ ಎದ್ದ ಎಕ್ಸೆಪ್ಷನ್ ಇನ್ನೊಂದಕ್ಕೆ ಹೋಗಬೇಕಾದರೆ ಅದನ್ನು ಬಿಚ್ಚಿ, ಗಂಟು ಕಟ್ಟಿ, ಅಲ್ಲಿ ಮತ್ತೆ ಜೋಡಿಸಬೇಕು. ನಮ್ಮ "ಠೇವಣಿ ದೋಷ"ಕ್ಕೆ ಹುಟ್ಟುವಾಗ ಖಾತೆ ಸಂಖ್ಯೆ, ದಿನಾಂಕ ಎರಡೂ ಬೇಕು. ಆದರೆ ಗಂಟಿನಲ್ಲಿ ಹೋಗುತ್ತಿದ್ದದ್ದು ಒಂದೇ ಮಾತು. ಆಚೆಯ ಕಡೆ ಜೋಡಿಸಲು ಹೋದಾಗ ಅಲ್ಲಿ ಬೇರೆಯೇ ಎಕ್ಸೆಪ್ಷನ್ ಎದ್ದು, ಕೆಲವೊಮ್ಮೆ ಇಡೀ ಓಟವೇ ಉತ್ತರಕ್ಕೆ ಕಾಯುತ್ತ ನಿಂತುಬಿಡುತ್ತಿತ್ತು. ಬಿಡಿಭಾಗ ಬಿಟ್ಟು ಮಂಚವನ್ನು ಲಾರಿಗೆ ಹಾಕಿದಂತೆ. ಊರಿನಿಂದ ಸಾಮಾನು ತರಿಸಿದವರಿಗೆಲ್ಲ ಇದರ ಅನುಭವವಿದ್ದೀತು. ಎರಡನ್ನೂ ಗಂಟಿಗೆ ಸೇರಿಸಿದೆವು; ತೊಂದರೆ ನಿಂತಿತು.

ಕೆಲಸ ಮುಗಿದ ಮೇಲೆ ಸೊಲ್ಲಾಪುರದ ಹುಡುಗಿ ಒಂದು ನಿಯಮ ಸೂಚಿಸಿದಳು: ಪರೀಕ್ಷೆ ಬರೆದವರು ಪ್ರೋಗ್ರಾಮನ್ನು ಬೇಕೆಂದೇ ಒಮ್ಮೆ ಕೆಡಿಸಿ, ಅದು ಕೆಂಪಾಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಒಪ್ಪಿಸಬೇಕು. ಸೋಲಲು ಬಾರದ ಪರೀಕ್ಷೆಗೆ ಗೆಲ್ಲಲೂ ಬಾರದು. ಆ ನಿಯಮ ಇಂದಿಗೂ ನಡೆಯುತ್ತಿದೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅದೇ ಮಾರ್ಚಿಯ ಕೊನೆಯಲ್ಲಿ ಧಾರವಾಡದಿಂದ ಬಂಧುಗಳೊಬ್ಬರು ಬಂದರು. ಕೈಕಾಲು ತೊಳೆದು ಕುಳಿತವರೇ, "ಅವ್ವನ ಕೈ ಈಗ ಹೆಂಗದ?" ಎಂದು ಕೇಳಿದರು. ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಅವ್ವ ಬಚ್ಚಲಿನಲ್ಲಿ ಜಾರಿ ಬಿದ್ದು, ಮಣಿಕಟ್ಟು ಮುರಿದು, ಪ್ಲಾಸ್ಟರ್ ಹಾಕಿ ಮೂರು ವಾರವಾಗಿತ್ತು. ಆ ಮೂರು ಭಾನುವಾರವೂ ನಾನು ಫೋನ್ ಮಾಡಿದ್ದೆ. ಮೂರು ಸಲವೂ ಅಣ್ಣ, "ಎಲ್ಲಾ ಆರಾಮ" ಎಂದಿದ್ದ. ಅವ್ವನೂ ಅದನ್ನೇ ಹೇಳಿದ್ದಳು.

ಕೂಡಲೇ ಅಣ್ಣನಿಗೆ ಫೋನ್ ಮಾಡಿದೆ. "ನೀ ಅಷ್ಟ ದೂರ ಇರ್ತಿ. ಸುಮ್ನ ಯಾಕ ನಿನಗ ಚಿಂತಿ ಹಚ್ಚೂದು ಅಂತ ಹೇಳಲಿಲ್ಲ" ಎಂದ. ಸಿಟ್ಟು ಬಾಯಿಯವರೆಗೆ ಬಂದಿತು. ಆದರೆ ಆಡುವ ಮೊದಲು ನನ್ನ ಬಲೆ ನೆನಪಾಯಿತು. ಓಟ ನಿಲ್ಲಬಾರದೆಂದು ತಾನೇ ನಾನೂ ಹಾಕಿದ್ದು? ಅಷ್ಟೇಕೆ, ಅವೇ ಭಾನುವಾರಗಳಂದು ಅವ್ವ, "ನೌಕರಿ ಹೆಂಗ ನಡದದ?" ಎಂದು ಕೇಳಿದ್ದಳು. ನಾಲ್ಕು ವರ್ಷದ ತಪ್ಪು ಬಯಲಾಗಿ ನಿದ್ದೆಯಿಲ್ಲದೆ ಇದ್ದ ನಾನು ಕೊಟ್ಟ ಉತ್ತರವೇನು? "ಎಲ್ಲಾ ಆರಾಮ." ಎರಡು ಊರುಗಳ ನಡುವೆ ವಾರಕ್ಕೊಮ್ಮೆ ಎರಡು ಚುಕ್ಕೆ ಇಟ್ಟುಕೊಂಡು ಕುಳಿತಿದ್ದೆವು. ಊರು ಬಿಟ್ಟು ಬಂದ ನಮ್ಮಂಥ ಮನೆಗಳಲ್ಲಿ ಇದು ಹೊಸದೇನೂ ಅಲ್ಲವೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ಏಪ್ರಿಲ್‌ನಲ್ಲಿ ರಜೆ ಹಾಕಿ ಊರಿಗೆ ಹೋಗಿಬಂದೆ. ಅವ್ವನಿಗೆ ಆಫೀಸಿನ ಕಥೆಯನ್ನೆಲ್ಲ ಹೇಳಿದೆ. ಅವಳು ಪ್ಲಾಸ್ಟರ್ ಬಿಚ್ಚಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿ, "ಆ ಅಕ್ಕೋರ ರೊಕ್ಕ ಸಿಕ್ತಿಲ್ಲೋ?" ಎಂದು ಅದೊಂದನ್ನೇ ಕೇಳಿದಳು.

ಅಂದಿನಿಂದ ಭಾನುವಾರದ ಫೋನಿನಲ್ಲಿ "ಹೆಂಗದೀರಿ?" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಅದು ಯಾವ ಉತ್ತರ ಬಂದರೂ ಸಾಕೆನ್ನುವ ಪರೀಕ್ಷೆ. ಅದರ ಬದಲು, "ಇವತ್ತ ಭಕ್ಕರಿ ಯಾರು ಬಡದ್ರು? ಬಲಗೈಲೆ ತಂಬಿಗಿ ಎತ್ತಾಕ ಬರ್ತದೇನು? ಗುಳಿಗಿ ಎಷ್ಟು ಉಳದಾವ?" ಎಂದು ಕೇಳುತ್ತೇನೆ. ಮೊದಮೊದಲು ಅವ್ವ, "ಏನೋ ಪೊಲೀಸರಂಗ ಕೇಳ್ತಿ" ಎಂದು ಬೈದಳು. ಈಗ ರೂಢಿಯಾಗಿದೆ. ಮೊನ್ನಿನ ಭಾನುವಾರ ಅರ್ಧ ಗಂಟೆ ಮಾತಾಡಿದಳು: ಥಂಡಿಗೆ ಮಣಿಕಟ್ಟು ನೋಯುತ್ತದೆ, ಕನ್ನಡಕ ಸರಿಯಿಲ್ಲ, ನಳ ಸೋರುತ್ತದೆ, ವೈನಿ ಸಾರಿಗೆ ಖಾರ ಹೆಚ್ಚು ಹಾಕುತ್ತಾಳೆ. ನಾನು ಒಂದೊಂದನ್ನೂ ಕೇಳಿಸಿಕೊಂಡೆ. ಕೊನೆಗೆ ಉಸಿರು ಬಿಟ್ಟು, "ಇಷ್ಟು ಬಿಟ್ರ ಎಲ್ಲಾ ಆರಾಮ ನೋಡಪಾ" ಎಂದಳು.

ಈ ಸಲ ನಂಬಿದೆ.